ಹೊರಗೆ ಒಂದು

ರಾತ್ರಿ ಎರಡೂವರೆಗೆ ಯಂತ್ರ ಮತ್ತೆ ಸತ್ತಿತು.
ಕೊಡಿಯಾಲಬೈಲಿನ ಮೂರನೇ ಮಾಳಿಗೆಯಲ್ಲಿ
ನಾನು, ಗೊರಗುಡುವ ಫ್ಯಾನು, ಆರಿದ ಚಾ.
ಪರದೆಯಲ್ಲಿ ಎಂದಿನದೇ ದೂರು:
ಬಿಟ್ಟುಕೊಟ್ಟ ಪುಟವನ್ನು ಯಾರೋ ಇನ್ನೂ ಓದುತ್ತಿದ್ದಾರೆ.

ಪುಟ ಅಂದರೆ ಪುಸ್ತಕದ್ದಲ್ಲ.
ನಾಲ್ಕು ಸಾವಿರದ ತೊಂಬತ್ತಾರು ಬೈಟಿನ ಖಾಲಿ ಜಾಗ,
ತಂತಿಯಲ್ಲಿ ಬಂದದ್ದನ್ನು ಕಾರ್ಡು ನೇರ ಸುರಿಯುವ ಬುಟ್ಟಿ.
ಪ್ರತಿ ಸಲ ಹೊಸದು ನೇಯುತ್ತ ಕೂತರೆ
ಕರ್ನೆಲ್ಲಿಗೆ ಏದುಸಿರು. ಅದಕ್ಕೇ ಎಲ್ಲರಿಗೂ ಸೇರಿ ಒಂದು ಕೊಳ:
ತೆಗೆ, ತುಂಬು, ದಾಟಿಸು, ಓದಿಯಾದ ಮೇಲೆ ತಿರುಗಿ ಹಾಕು.
ಎಷ್ಟು ಕೈ ಹಿಡಿದಿವೆಯೆಂದು ಪುಟಕ್ಕೊಂದು ಎಣಿಕೆ.
ಎಣಿಕೆ ಸೊನ್ನೆಯಾದರೆ ಮಾತ್ರ ಕೊಳಕ್ಕೆ.
ಇಷ್ಟೇ.
ಇಷ್ಟಕ್ಕೆ ಒಂಬತ್ತು ರಾತ್ರಿ ನಿದ್ದೆಯಿಲ್ಲ.

ನಾಲ್ಕೂಮುಕ್ಕಾಲಿಗೆ ದಕ್ಕೆಗೆ ಇಳಿದೆ,
ಅಮ್ಮನಿಗೆ ಬೂತಾಯಿ ಬೇಕೆಂಬುದು ನೆಪ.
ಡೀಸೆಲ್ ವಾಸನೆಯ ಕತ್ತಲು. ಕಾಲಡಿ ಮಂಜುಗಡ್ಡೆಯ ಹುಡಿ.
ಇದಿನಬ್ಬರ ನೀಲಿ ಕ್ರೇಟುಗಳು ಹದಿನಾಲ್ಕು ಬೋಟಿಗೆ ಒಟ್ಟು,
ಯಾರ ಹೆಸರೂ ಇಲ್ಲ, ಅಂಚಿನಲ್ಲಿ ಒಂದು ಬಿಳಿ ಗೀಟು ಮಾತ್ರ.
ಹೋದದ್ದು, ಬಂದದ್ದು
ಗೋದಾಮಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ.

ವಾರಿಜಕ್ಕನೂ ಸೆವ್ರಿನ್ ಬಾಯಿಯೂ
ಒಂದೇ ಕ್ರೇಟು ಬಂಗುಡೆ ಪಾಲು ಹಿಡಿದಿದ್ದರು.
ಸೆವ್ರಿನ್ ತನ್ನದನ್ನು ಬುಟ್ಟಿಗೆ ಬಾಚಿ
"ಆಯ್ತು, ಕೊಂಡೋಗು" ಅಂದಳು.
ಹುಡುಗನಿಗೆ ಅವಸರ; ಅಷ್ಟರಲ್ಲಿ ಇನ್ನೊಂದು ಬೋಟು ತಾಗಿತ್ತು.
ಎಳೆದ, ಒಡ್ಡಿದ,
ಮೇಲಿಂದ ಸುರಿಯಿತು ಯಾರದೋ ಕೊಲ್ಲತರು.
"ಉಳಾಯಿ ಕೈ ಉಂಡು ಮಾರಾಯಾ!"
ವಾರಿಜಕ್ಕನ ಕೈ ಮೊಣಕೈವರೆಗೂ ಒಳಗೆ,
ಬಳೆಗಳ ನಡುವೆ ಬೇರೆಯವರ ಬೆಳ್ಳಿ.

ಅವಳ ಬೈಗುಳ ಮುಗಿಯುವವರೆಗೂ ನಿಂತೆ.
ಬೂತಾಯಿ ಮರೆತೇಹೋಯಿತು.

ಒಂದೇ ಪುಟ. ಅದನ್ನು ಹಂಚಿಕೊಂಡ ಎರಡು ಪ್ಯಾಕೆಟ್ಟು.
ಮೊದಲನೆಯದು "ಆಯ್ತು" ಅಂದದ್ದನ್ನು ಕೇಳಿ
ನನ್ನ ಕೋಡೇ ಆ ಹುಡುಗನಾಗಿ ಓಡಿತ್ತು,
ಎರಡನೆಯ ಕೈಯಿದೆಯೇ ಎಂದು ಬಗ್ಗಿ ನೋಡದೆ.
ತಿದ್ದಿದ್ದು ಒಂದೂವರೆ ಸಾಲು.

ಒಂದೂವರೆ ಸಾಲು. ಆದರೆ ಆ ಒಂಬತ್ತು ದಿನ
ಯಾರ ಸಕ್ಕರೆ ಕಾಯಿಲೆಯ ವರದಿ
ಯಾರ ಚಿನ್ನದ ಸಾಲದ ರಶೀದಿಯ ಮೇಲೆ ಚೆಲ್ಲಿತೋ,
ಯಾವ ಹುಡುಗಿಯ ಪತ್ರದ ಬಾಲ
ಯಾರ ಬಾಗಿಲಿಗೆ ಬಿತ್ತೋ,
ಗೊತ್ತಾಗುವ ದಾರಿಯಿಲ್ಲ.
ಸತ್ತದ್ದಕ್ಕೆ ದಾಖಲೆಯಿದೆ, ಬೆರೆತದ್ದಕ್ಕಿಲ್ಲ.

ಮೇ ಕೊನೆ. ನಾಡಿದ್ದಿನಿಂದ ಬೋಟು ಕಡಲಿಗಿಲ್ಲ.
ಪರೀಕ್ಷೆ ಮುಗಿಸಿ ಕೊಳವನ್ನು ಮುಚ್ಚು ಎಂದೆ ಯಂತ್ರಕ್ಕೆ.
ಅದು ಮುಚ್ಚಲಿಲ್ಲ. ಕಾಯುತ್ತೇನೆ ಎಂದಿತು.
ನಿಮಿಷಕ್ಕೊಮ್ಮೆ ಅದೇ ಸಾಲು:
ಹೊರಗೆ ಒಂದು. ಹೊರಗೆ ಒಂದು.

ಸಂಜೆ ದಕ್ಕೆಯಲ್ಲಿ ಇದಿನಬ್ಬರು ಹಲಗೆಯೆದುರು.
ಆರುನೂರ ನಲವತ್ತರಲ್ಲಿ ಆರುನೂರ ಮೂವತ್ತೊಂಬತ್ತು.
"ಒಂದು ಬೆಂಗರೆಯಲ್ಲುಂಟು, ವಾರಿಜಕ್ಕನ ಹಿತ್ತಿಲಿನಲ್ಲಿ.
ಕೋಳಿ ಕಾವಿಗೆ ಕೂತಿದೆ ಅದರಲ್ಲಿ, ಹನ್ನೊಂದು ಮೊಟ್ಟೆ."
"ಕಳೆದುಹೋಯ್ತು ಅಂತ ಬರೆದುಬಿಡಿ, ಒಂದೇ ಅಲ್ಲವಾ?"
ಅವರು ನನ್ನನ್ನು ನೋಡಿದರು,
ಲೆಕ್ಕ ಬಾರದ ಮಕ್ಕಳನ್ನು ನೋಡುವ ಹಾಗೆ.
"ಕಳೆದದ್ದೆಲ್ಲಿ? ಕೂತದ್ದಲ್ವಾ ಬಾಯಮ್ಮ."
ಸೀಮೆಸುಣ್ಣ ಕಿವಿಗೆ ಸಿಕ್ಕಿಸಿ
ಗೋದಾಮಿನ ಬಾಗಿಲನ್ನು ಅರ್ಧ ಮಾತ್ರ ಎಳೆದರು.

ಫೆರಿ ಹೊರಟಿತು. ನದಿಯಾಚೆ ಬೆಂಗರೆಯ ದೀಪ ಹತ್ತುತ್ತಿತ್ತು.
ಮೂರನೇ ಮಾಳಿಗೆಯಲ್ಲಿ ಯಂತ್ರವನ್ನು ಆರಿಸದೆ ಬಂದಿದ್ದೆ.